ಪೌಲ, ಯಾಕೋಬ ಮತ್ತು ನನ್ನ ನೋಟ್‌ಬುಕ್

ನಾನು ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಒಂದು ಅಂಗಡಿಯ ಲೆಕ್ಕ ಬರೆಯುತ್ತೇನೆ. ಪಾದ್ರಿಗಳನ್ನು ತಯಾರು ಮಾಡುವ ಸೆಮಿನರಿಯಲ್ಲಿ ಓದಿದವನಲ್ಲ. ದೈವಶಾಸ್ತ್ರ ಕಲಿಯಬೇಕು ಅಂತ ಮೊದಲು ಒಂದು ದಪ್ಪ ಪುಸ್ತಕ ತಂದೆ. ಮೂರನೇ ಅಧ್ಯಾಯಕ್ಕೇ ನಿಂತುಹೋಯಿತು. ಅದರ ತುಂಬಾ ಉತ್ತರಗಳೇ ಇದ್ದವು, ನನ್ನ ಹತ್ತಿರ ಪ್ರಶ್ನೆಯೇ ಇರಲಿಲ್ಲ.

ಪ್ರಶ್ನೆ ಸಿಕ್ಕಿದ್ದು ಸತ್ಯವೇದ (ಬೈಬಲ್) ಓದುವ ಕೂಟದಲ್ಲಿ. ಒಬ್ಬರು, ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 3:28 (3ನೇ ಅಧ್ಯಾಯ, 28ನೇ ವಚನ) ಓದಿದರು. ಮನುಷ್ಯ ನೀತಿವಂತನಾಗುವುದು ನಂಬಿಕೆಯಿಂದ, ಧರ್ಮಶಾಸ್ತ್ರದ (ಮೋಶೆಯ ನಿಯಮಗಳ) ಕ್ರಿಯೆಗಳಿಂದಲ್ಲ ಅಂತ ಅಲ್ಲಿದೆ. ಇನ್ನೊಬ್ಬರು ತಕ್ಷಣ ಯಾಕೋಬನ ಪತ್ರದ 2:24 ತೆಗೆದರು. ಅಲ್ಲಿ ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ ಅಂತಿದೆ. ಮಾತು ಜೋರಾಯಿತು. ನಮ್ಮ ಸಭಾಪಾಲಕರು ಯಾರ ಕಡೆಗೂ ವಾಲಲಿಲ್ಲ. "ಎರಡೂ ಪತ್ರ ಮೊದಲಿಂದ ಕಡೀತನಕ ಓದ್ರಿ, ಆಮ್ಯಾಲೆ ಮಾತಾಡೋಣು" ಅಂದರು.

ರೋಮಾ 16 ಅಧ್ಯಾಯ, ಯಾಕೋಬ 5. ಎರಡು ವಾರ ಅವೆರಡನ್ನೇ ತಿರುತಿರುಗಿ ಓದಿದೆ. ಆಗ ಕಂಡಿದ್ದು, ಇಬ್ಬರೂ ಅಬ್ರಹಾಮನನ್ನೇ ಹಿಡಿದಿದ್ದಾರೆ, ಇಬ್ಬರೂ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 15:6ನ್ನೇ ಎತ್ತಿ ಹೇಳುತ್ತಾರೆ! ಅಬ್ರಹಾಮ ದೇವರನ್ನು ನಂಬಿದ, ಅದನ್ನೇ ಅವನ ನೀತಿಯೆಂದು ಎಣಿಸಲಾಯಿತು ಅಂತ ಅಲ್ಲಿದೆ. ಪೌಲ ಕೇಳುವುದು, ಅವನನ್ನು ನೀತಿವಂತನೆಂದು ಎಣಿಸಿದ್ದು ಸುನ್ನತಿಗೆ ಮುಂಚೆಯೋ ಆಮೇಲೋ ಅಂತ. ಆದಿಕಾಂಡ ತೆಗೆದು ನೋಡಿದೆ, ಸುನ್ನತಿ ಬರುವುದು 17ನೇ ಅಧ್ಯಾಯದಲ್ಲಿ. ಅಂದರೆ ಸುನ್ನತಿ ಇಲ್ಲದ ಅನ್ಯಜನರಿಗೂ (ಯೆಹೂದ್ಯರಲ್ಲದವರಿಗೂ) ಅಬ್ರಹಾಮ ತಂದೆಯೇ. ಯಾಕೋಬ ನೋಡುವುದು 22ನೇ ಅಧ್ಯಾಯ, ಇಸಾಕನನ್ನು ಯಜ್ಞವೇದಿಯ ಮೇಲೆ ಇಟ್ಟದ್ದು. ಅವನು ತಿದ್ದುತ್ತಿರುವುದು ಬಟ್ಟೆ, ಊಟ ಇಲ್ಲದ ಸಹೋದರನಿಗೆ ಸಮಾಧಾನದ ಮಾತು ಹೇಳಿ ಬರಿಗೈಲಿ ಕಳಿಸುವವರನ್ನು.

ರೋಮಾ 4ರ "ಎಣಿಸು" ಅನ್ನುವುದಕ್ಕೆ ಗ್ರೀಕಿನಲ್ಲಿ ಇರುವ ಪದ ವ್ಯಾಪಾರದ ಲೆಕ್ಕದಲ್ಲೂ ಬಳಸುತ್ತಿದ್ದದ್ದು. ಇದು ಗೊತ್ತಾದ ದಿನ ಕಿರ್ದಿ ಮುಂದಿಟ್ಟುಕೊಂಡು ಸುಮ್ನೆ ಕೂತಿದ್ದೆ. ಶನಿವಾರ ಹಮಾಲರಿಗೆ ಕೂಲಿ ಕೊಡುತ್ತೇನೆ. ಅದು ಅವರು ದುಡಿದದ್ದು, ನಾವು ತೋರಿಸುವ ದಯೆ ಅಲ್ಲ. 4:4ರಲ್ಲಿ ಪೌಲ ಹೇಳುವುದೂ ಇದನ್ನೇ. ದುಡಿಯದೇ ಜಮೆ ಆಗುವುದೇ ಕೃಪೆ ಅಂತ ನನಗೆ ತಿಳಿದದ್ದು ಅಲ್ಲಿ.

ವ್ಯಾಖ್ಯಾನಗಳನ್ನು ಇದಾದ ಮೇಲೆ ಓದಿದೆ, ಈ ಕ್ರಮ ಬದಲಿಸಬೇಡಿ. ಪ್ರೊಟೆಸ್ಟಂಟ್ ಸುಧಾರಣೆ ಶುರುಮಾಡಿದ ಮಾರ್ಟಿನ್ ಲೂಥರನಿಗೂ ಯಾಕೋಬ ಒಗ್ಗಿರಲಿಲ್ಲ, 1522ರ ತನ್ನ ಜರ್ಮನ್ ಹೊಸ ಒಡಂಬಡಿಕೆಯಲ್ಲಿ ಆ ಪತ್ರವನ್ನು ಕೊನೆಯ ಕಡೆಗೆ ಸರಿಸಿದ ಅಂತ ಓದಿದಾಗ ಧೈರ್ಯ ಬಂತು. ನಮ್ಮ ಕೂಟದ ಜಗಳ ಚಿಲ್ಲರೆ ಜಗಳ ಆಗಿರಲಿಲ್ಲ ಅಲ್ವಾ.

ಈಗ ನೋಟ್‌ಬುಕ್ಕಿನಲ್ಲಿ ಒಂದು ಪುಟಕ್ಕೆ ಒಂದೇ ಪ್ರಶ್ನೆ. ಕೆಳಗೆ ಯಾರಿಗೆ ಬರೆದದ್ದು, ಯಾವ ತಕರಾರಿಗೆ ಉತ್ತರ ಅಂತ ಬರೆಯುತ್ತೇನೆ. ಆರಾಧನೆಯಲ್ಲಿ ಹೇಳುವ ನಂಬಿಕೆಯ ಸಾರ, ನೈಸೀಯ ವಿಶ್ವಾಸ ಪ್ರಮಾಣವನ್ನೂ ಹಾಗೇ ಓದಿದೆ. ದೇವರ ಮಗನಾದ ಯೇಸು ಸೃಷ್ಟಿಯಾದವನು ಅಂದ ಅರಿಯಸ್ ಎಂಬ ಪಾದ್ರಿಗೆ ಕ್ರಿ.ಶ. 325ರಲ್ಲಿ ಸಭೆ ಕೊಟ್ಟ ಉತ್ತರ ಅದು ಅಂತ ತಿಳಿದ ಮೇಲೆ, ಅದನ್ನು ಬಾಯಿಪಾಠದಂತೆ ಹೇಳಲು ಆಗುತ್ತಿಲ್ಲ.

ಬುಧವಾರ ರಾತ್ರಿ ಮೂರು ಜನ ಕೂಡುತ್ತೇವೆ. ಈಗ ಪೌಲನ ಇನ್ನೊಂದು ಪತ್ರ, ಗಲಾತ್ಯ 3ಕ್ಕೆ ಬಂದಿದ್ದೇವೆ. ಅಲ್ಲೂ ಅದೇ ಆದಿಕಾಂಡ 15:6 ಇದೆ.