ಹಳೇ ಕಂಪ್ಯೂಟರ್ ಫ್ಯಾನಿನಿಂದ ಯೀಸ್ಟ್ ಕಲಕುವ ಪೆಟ್ಟಿಗೆ ಮಾಡಿಕೊಂಡೆ

ಡಿಸೆಂಬರ್ ಬಂತೆಂದರೆ ಚಿಕ್ಕಮಗಳೂರು ಜಿಲ್ಲೆಯ ನಮ್ಮ ಆಲ್ದೂರು ಕಡೆ ರಾತ್ರಿ ಚಳಿ ಜೋರು. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್‌ನಿಂದ ಇಳಿದ ಅರೇಬಿಕಾ ಕಾಫಿ ಬೀಜ ತೊಟ್ಟಿಯಲ್ಲಿ ಬಿದ್ದಿರುತ್ತದೆ, ಬೀಜಕ್ಕೆ ಅಂಟಿದ ಲೋಳೆ ಮಾತ್ರ ಬೇಗ ಬಿಡುವುದಿಲ್ಲ. ಒಂದು ದಿನ 24 ಗಂಟೆಗೆ ಬಿಡುತ್ತದೆ. ಇನ್ನೊಂದು ದಿನ 40 ಗಂಟೆ ಕಳೆದರೂ ಬೀಜ ಕೈಯಲ್ಲಿ ಜಾರುತ್ತಲೇ ಇರುತ್ತದೆ. ಅಷ್ಟರಲ್ಲಿ ತೊಟ್ಟಿಯ ಯಾವುದೋ ಮೂಲೆ ಹುಳಿ ಹಿಡಿದು ವಾಸನೆ ಬರೋಕೆ ಶುರುವಾಗುತ್ತದೆ. ವರ್ಷವಿಡೀ ಬೆವರು ಸುರಿಸಿ ಬೆಳೆದ ಹಣ್ಣು ಕೊನೆಯ ಎರಡು ದಿನದಲ್ಲಿ ಕೆಡೋದನ್ನು ನೋಡೋಕೆ ಆಗಲ್ಲ.

ಅದಕ್ಕೇ, ಲೋಳೆ ಬೇಗ ಬಿಡಲಿ ಅಂತ, ಮೂರು ವರ್ಷದಿಂದ ತೊಟ್ಟಿಗೆ ಯೀಸ್ಟ್ ಹಾಕುತ್ತಿದ್ದೇನೆ. ವೈನ್ ಮಾಡುವವರು ಬಳಸುವ ಒಣ ಯೀಸ್ಟ್, 5 ಗ್ರಾಂನ ಸಣ್ಣ ಪೊಟ್ಟಣ. ಅದು ಸುಮಾರು 20 ಲೀಟರ್ ಹಣ್ಣಿನ ರಸಕ್ಕೆ ಅಂತ ಲೆಕ್ಕ ಹಾಕಿ ಕಟ್ಟಿದ ಪೊಟ್ಟಣ. ನನ್ನ ತೊಟ್ಟಿಗೆ ಎಲ್ಲಿ ಸಾಕು? ಪ್ರತಿ ಸಲ ಹತ್ತಾರು ಪೊಟ್ಟಣ ತರಿಸೋದು ಜೇಬಿಗೆ ಭಾರ. ಒಂದು ಪೊಟ್ಟಣದಿಂದ ಶುರು ಮಾಡಿ, ಬೆಳೆಸಿ, ಉಳಿದ ಗಸಿಯನ್ನು ಫ್ರಿಜ್‌ನಲ್ಲಿಟ್ಟು ಮತ್ತೆ ಮತ್ತೆ ಎಬ್ಬಿಸಿಕೊಂಡರೆ ಸೀಸನ್ ಪೂರ್ತಿ ಸಾಗುತ್ತದೆ. ಆದರೆ ಫ್ರಿಜ್‌ನಲ್ಲಿ ಮೂರು ನಾಲ್ಕು ವಾರ ಇದ್ದ ಯೀಸ್ಟ್‌ನಲ್ಲಿ ತುಂಬಾ ಸತ್ತಿರುತ್ತದೆ. ಬದುಕಿದ್ದನ್ನು ಎಬ್ಬಿಸಿ, ಹೆಚ್ಚಿಸಿ, ಆಮೇಲೆ ತೊಟ್ಟಿಗೆ ಬಿಡಬೇಕು. ಮನೆಯಲ್ಲೇ ಬಿಯರ್ ಮಾಡುವ ಅಮೆರಿಕದವರು ಇದಕ್ಕೆ ಸ್ಟಾರ್ಟರ್ ಅನ್ನುತ್ತಾರೆ. ಅವರಿಗೆ 1978ರ ಕಾನೂನಿನಿಂದ ಮನೆಬಳಕೆಗೆ ಬಿಯರ್ ಮಾಡಿಕೊಳ್ಳಲು ಅವಕಾಶ ಇದೆ. ನಮ್ಮಲ್ಲಿ ಅಬಕಾರಿ ಕಾಯ್ದೆ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಹಾಗಾಗಿ ಅವರ ಕೈಚಳಕವನ್ನಷ್ಟೇ ನಾನು ಕಾಫಿಗೆ ತಂದುಕೊಂಡೆ.

ಯೀಸ್ಟ್ ಹೆಚ್ಚಬೇಕಾದರೆ ಗಾಳಿ ಬೇಕು. ಒಂದು ಕಣ ಎರಡಾಗುವಾಗ ಹೊಸ ಹೊರಪೊರೆ ಕಟ್ಟಿಕೊಳ್ಳಬೇಕು, ಆ ಪೊರೆಗೆ ಬೇಕಾದ ಕೊಬ್ಬಿನಂಥ ಪದಾರ್ಥಗಳನ್ನು ಆಮ್ಲಜನಕ ಇಲ್ಲದೆ ಅದು ತಯಾರಿಸಿಕೊಳ್ಳಲಾರದು. ಬಾಟಲಿಯಲ್ಲಿ ಸುಮ್ನೆ ಇಟ್ಟರೆ ಯೀಸ್ಟ್ ತಳಕ್ಕೆ ಕೂರುತ್ತದೆ, ಮೇಲೆ ಅದೇ ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಮೊದಲ ವರ್ಷ ನಾನು ಓಡಾಡುವಾಗೆಲ್ಲ ಬಾಟಲಿ ಅಲುಗಾಡಿಸುತ್ತಿದ್ದೆ. ಅದೂ ಕೆಲಸ ಮಾಡುತ್ತದೆ, ಇಲ್ಲ ಅಂತಲ್ಲ. ಆದರೆ ಕೊಯ್ಲಿನ ಸಮಯದಲ್ಲಿ ಬೆಳಿಗ್ಗೆ ತೋಟಕ್ಕೆ ಹೋದರೆ ಮನೆಗೆ ಬರೋದು ಮಧ್ಯಾಹ್ನ. ರಾತ್ರಿ ಎದ್ದು ಅಲುಗಾಡಿಸುವವರು ಯಾರು?

ಲ್ಯಾಬ್‌ಗಳಲ್ಲಿ ಇರುವ ಮ್ಯಾಗ್ನೆಟಿಕ್ ಸ್ಟಿರರ್ ಕಾಲೇಜಿನಲ್ಲಿ ನೋಡಿದ್ದೆ. ಗಾಜಿನ ಪಾತ್ರೆಯೊಳಗೆ ಗುಳಿಗೆಯಂಥ ಒಂದು ಬಿಳಿ ಮ್ಯಾಗ್ನೆಟ್, ಲ್ಯಾಬ್‌ನವರು ಅದಕ್ಕೆ ಬೀಡ್ ಅನ್ನುತ್ತಾರೆ. ಕೆಳಗಿನ ಪೆಟ್ಟಿಗೆಯೊಳಗೆ ಇನ್ನೊಂದು ಮ್ಯಾಗ್ನೆಟ್ ತಿರುಗುತ್ತದೆ, ಮೇಲಿನದು ಅದರ ಜೊತೆ ತಿರುಗುತ್ತದೆ. ಅಮೆರಿಕದಲ್ಲಿ ಆರ್ಥರ್ ರೋಸಿಂಜರ್ ಎಂಬವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1944ರಲ್ಲಿ. ಅವತ್ತಿನಿಂದ ಇವತ್ತಿನವರೆಗೆ ಮೂಲ ಉಪಾಯ ಬದಲಾಗಿಲ್ಲ. ಹೊಸದು ಕೊಳ್ಳಲು ಹೋದರೆ ಸಾವಿರಗಳ ಮಾತು. ನನ್ನ ಅಟ್ಟದ ಮೇಲೆ ಸತ್ತ ಕಂಪ್ಯೂಟರ್ ಇತ್ತು. ಅದರಿಂದ 12 ವೋಲ್ಟ್‌ನ ಫ್ಯಾನ್ ಬಿಚ್ಚಿಕೊಂಡೆ, 120 ಮಿಲಿಮೀಟರ್‌ನದು.

ಮ್ಯಾಗ್ನೆಟ್‌ಗಾಗಿ ಚಿಕ್ಕಮಗಳೂರಿಗೆ ಹೋದೆ. ಎಂ.ಜಿ. ರಸ್ತೆಯ ಪಕ್ಕದ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಹುಡುಗನ ಹತ್ತಿರ ಕೆಟ್ಟ ಹಾರ್ಡ್ ಡಿಸ್ಕ್ ಕೇಳಿದೆ.

"ಅಣ್ಣ, ಇದರಲ್ಲಿ ಡೇಟಾ ಬರಲ್ಲ, ಪೂರ್ತಿ ಹೋಗಿದೆ."

"ಡೇಟಾ ಬೇಡ ಕಣೋ, ಒಳಗಿರೋ ಮ್ಯಾಗ್ನೆಟ್ ಬೇಕು."

ಎರಡು ಕೊಟ್ಟ, ದುಡ್ಡು ತಗೊಳ್ಳಲಿಲ್ಲ. ನಕ್ಷತ್ರದ ಆಕಾರದ ತಲೆಯ ಸ್ಕ್ರೂಗಳು ಬಿಚ್ಚೋಕೆ ಅವನ ಸ್ಕ್ರೂಡ್ರೈವರ್ ಕೂಡ ಕೊಟ್ಟ. ಮಾಮೂಲಿ ಸ್ಕ್ರೂಡ್ರೈವರ್ ಅಲ್ಲಿ ನಡೆಯಲ್ಲ.

ಒಳಗಿನ ಮ್ಯಾಗ್ನೆಟ್ ಬಿಲ್ಲಿನಂತೆ ಬಾಗಿದ ಒಂದು ಬಿಲ್ಲೆ, ದಪ್ಪ ಕಬ್ಬಿಣದ ಪಟ್ಟಿಗೆ ಅಂಟಿಸಿರುತ್ತಾರೆ. ಉಳಿಯಿಂದ ಎಬ್ಬಲು ಹೋಗಬೇಡಿ. ನಿಯೋಡೈಮಿಯಂ ಮ್ಯಾಗ್ನೆಟ್ ಗಾಜಿನಂತೆ ಬೇಗ ಒಡೆಯುತ್ತದೆ, ನನ್ನ ಮೊದಲನೆಯದು ಹಾಗೇ ಎರಡು ಚೂರಾಯಿತು. ಎರಡನೆಯದಕ್ಕೆ ಪಟ್ಟಿಯನ್ನು ವೈಸ್‌ನಲ್ಲಿ ಹಿಡಿಸಿ, ಇಕ್ಕಳದಿಂದ ಪಟ್ಟಿಯನ್ನೇ ಸ್ವಲ್ಪ ಬಗ್ಗಿಸಿದೆ. ಅಂಟು ಟಕ್ ಅಂತ ಬಿಟ್ಟಿತು. ಎರಡು ಮ್ಯಾಗ್ನೆಟ್ ಒಟ್ಟಿಗೆ ಕೈಯಲ್ಲಿದ್ದರೆ ಜೋಪಾನ, ಬೆರಳು ನಡುವೆ ಸಿಕ್ಕಿದರೆ ಚರ್ಮ ಕಿತ್ತು ಬರುತ್ತದೆ.

ನಾನು ಹೆಚ್ಚು ಹೊತ್ತು ಕಳೆದದ್ದು ಮುಂದಿನ ಹಂತದಲ್ಲಿ. ಎಲ್ಲರೂ ಹೇಳೋದು ಎರಡು ಮ್ಯಾಗ್ನೆಟ್ ಬೇಕು, ಒಂದರ ಉತ್ತರ ಧ್ರುವ ಮೇಲೆ, ಇನ್ನೊಂದರ ದಕ್ಷಿಣ ಧ್ರುವ ಮೇಲೆ ಬರುವಂತೆ ಅಂಟಿಸಬೇಕು ಅಂತ. ಬಿಡಿ ಮ್ಯಾಗ್ನೆಟ್ ಕೊಂಡರೆ ಅದು ಸರಿ. ಆದರೆ ಹಾರ್ಡ್ ಡಿಸ್ಕಿನ ಮ್ಯಾಗ್ನೆಟ್‌ನ ಒಂದೇ ಮುಖದಲ್ಲಿ ಎರಡೂ ಧ್ರುವ ಇರುತ್ತದೆ, ಅರ್ಧ ಭಾಗ ಉತ್ತರ, ಇನ್ನರ್ಧ ದಕ್ಷಿಣ. ನನಗೆ ಇದು ಗೊತ್ತಾಗಿದ್ದು ಬೀಡ್ ಅನ್ನು ಕಾಗದದ ಮೇಲಿಟ್ಟು, ಕಾಗದದ ಕೆಳಗೆ ಮ್ಯಾಗ್ನೆಟ್ ಹಿಡಿದಾಗ. ಬೀಡ್ ಪ್ರತಿ ಸಲವೂ ಒಂದೇ ದಿಕ್ಕಿಗೆ ತಿರುಗಿ, ಒಂದೇ ಜಾಗದಲ್ಲಿ ಕೂರುತ್ತಿತ್ತು. ಬೀಡ್‌ನ ನಡುಭಾಗ ಎಲ್ಲಿ ಬಂತೋ ಅಲ್ಲಿ ಪೆನ್ನಿನಿಂದ ಚುಕ್ಕೆ ಇಟ್ಟೆ. ಆ ಚುಕ್ಕೆ ಫ್ಯಾನಿನ ಸರಿ ನಡುವಿಗೆ ಬರಬೇಕು. ಒಂದೇ ಮ್ಯಾಗ್ನೆಟ್ ಸಾಕು.

ಚುಕ್ಕೆ ನೋಡಿಕೊಂಡು ಫ್ಯಾನಿನ ನಡುವಿನ ಗುಂಡನೆಯ ಗುಬ್ಬಿ ಮೇಲೆ ನೇರವಾಗಿ ಅಂಟಿಸಿದೆ. ಕರೆಂಟ್ ಕೊಟ್ಟರೆ ಫ್ಯಾನ್ ಒಂದು ಸಲ ಜರ್ಕ್ ಹೊಡೆದು ನಿಂತುಬಿಟ್ಟಿತು. ಕೈಯಿಂದ ತಿರುಗಿಸಿದರೆ ಒಂದು ಜಾಗದಲ್ಲಿ ತಡೆಯುತ್ತಿತ್ತು. ಫ್ಯಾನ್ ಸುಟ್ಟಿತು ಅಂತಲೇ ಅಂದುಕೊಂಡೆ. ಮ್ಯಾಗ್ನೆಟ್ ತೆಗೆದರೆ ಮತ್ತೆ ಚೆನ್ನಾಗಿಯೇ ಓಡಿತು! ಈ ಫ್ಯಾನುಗಳೊಳಗೆ ತಿರುಗುವ ಭಾಗದಲ್ಲೂ ಮ್ಯಾಗ್ನೆಟ್ ಉಂಗುರ ಇರುತ್ತದೆ. ಅದು ಎಲ್ಲಿದೆ ಅಂತ ಒಂದು ಪುಟ್ಟ ಸೆನ್ಸರ್ ನೋಡುತ್ತಾ ಸುರುಳಿಗಳಿಗೆ ಕರೆಂಟ್ ಬಿಡುತ್ತಿರುತ್ತದೆ. ಮೇಲೆ ಅಷ್ಟು ಬಲವಾದ ಮ್ಯಾಗ್ನೆಟ್ ಕೂರಿಸಿದರೆ ಆ ಸೆನ್ಸರ್‌ಗೆ ದಿಕ್ಕು ತಪ್ಪುತ್ತದೆ. ಅದಕ್ಕೆ ಮದ್ದು ಹಾರ್ಡ್‌ವೇರ್ ಅಂಗಡಿಯ ದೊಡ್ಡ ಕಬ್ಬಿಣದ ವಾಷರ್. ಗುಬ್ಬಿ ಮೇಲೆ ನೀರಿನ ಬಾಟಲಿಯ ಮುಚ್ಚಳ, ಅದರ ಮೇಲೆ ವಾಷರ್, ವಾಷರ್ ಮೇಲೆ ಮ್ಯಾಗ್ನೆಟ್. ಕೆಳಮುಖದ ಸೆಳೆತವನ್ನು ವಾಷರ್ ತನ್ನೊಳಗೇ ಹಿಡಿದುಕೊಳ್ಳುತ್ತದೆ, ಮೇಲಿನ ಸೆಳೆತ ಇನ್ನೂ ಬಲವಾಗುತ್ತದೆ. ಫ್ಯಾನ್ ಮೊದಲಿನಂತೆ ತಿರುಗಿತು.

ಸಮತೋಲ ಬರೋವರೆಗೂ ಪಕ್ಕಾ ಅಂಟು ಹಾಕಬೇಡಿ. ನಾನು ಎರಡು ಬದಿ ಅಂಟುವ ಟೇಪ್ ಹಾಕಿ, ಪೆಟ್ಟಿಗೆ ಮೇಲೆ ಗಾಜಿನ ಲೋಟದಲ್ಲಿ ನೀರಿಟ್ಟು ಓಡಿಸಿದೆ. ಮ್ಯಾಗ್ನೆಟ್ ಕೂದಲೆಳೆಯಷ್ಟು ಆಚೀಚೆ ಇದ್ದರೂ ನೀರಿನ ಮೇಲೆ ಬಳೆಬಳೆಯಾಗಿ ಅಲೆ ಏಳುತ್ತದೆ. ಸರಿಸು, ಓಡಿಸು, ನೋಡು. ಏಳೆಂಟು ಸಲ ಮಾಡಿದ ಮೇಲೆ ನೀರು ನಿಂತ ಕೆರೆಯಂತಾಯಿತು. ಆಮೇಲೆ ಅರಾಲ್ಡೈಟ್ ಕಲಸಿ ಹಾಕಿ ಒಂದು ರಾತ್ರಿ ಮುಟ್ಟದೆ ಬಿಟ್ಟೆ. ಈ ಅರ್ಧ ದಿನವನ್ನು ಯಾರೂ ಉಳಿಸಲು ಹೋಗಬಾರದು. ಉಳಿದ ಎಲ್ಲ ತಪ್ಪನ್ನೂ ತಿದ್ದಬಹುದು, ನಡು ತಪ್ಪಿದರೆ ಪೆಟ್ಟಿಗೆ ಗಡಗಡ ಅನ್ನುತ್ತದೆ, ಬೀಡ್ ಪಕ್ಕಕ್ಕೆ ಹಾರುತ್ತದೆ.

ಪೆಟ್ಟಿಗೆಗೆ ಎಲೆಕ್ಟ್ರಿಕಲ್ ಅಂಗಡಿಯ ಪಿವಿಸಿ ಸ್ವಿಚ್ ಬಾಕ್ಸ್ ತಂದೆ. ಮೇಲೆ 3 ಮಿಲಿಮೀಟರ್ ಅಕ್ರಿಲಿಕ್ ಹಾಳೆ. ತಗಡಿನ ಬಿಸ್ಕತ್ ಡಬ್ಬ ಬೇಡವೇ ಬೇಡ, ಮ್ಯಾಗ್ನೆಟ್‌ನ ಸೆಳೆತವನ್ನು ತಗಡೇ ನುಂಗುತ್ತದೆ. ಫ್ಯಾನನ್ನು ಉದ್ದದ ನಾಲ್ಕು ಬೋಲ್ಟ್‌ಗಳ ಮೇಲೆ ನಿಲ್ಲಿಸಿದೆ. ನಟ್ ತಿರುಗಿಸಿದರೆ ಮೇಲೆ ಕೆಳಗೆ ಮಾಡಬಹುದು. ಮ್ಯಾಗ್ನೆಟ್ ಹಾಳೆಗೆ ತಾಗಬಾರದು, ಆದರೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು.

ವೇಗ ಹಿಡಿತದಲ್ಲಿರಬೇಕು. 12 ವೋಲ್ಟ್ ನೇರ ಕೊಟ್ಟರೆ ಫ್ಯಾನ್ ಹುಚ್ಚು ಓಟ ಓಡುತ್ತದೆ, ಬೀಡ್ ಹಿಂದೆ ಬೀಳುತ್ತದೆ. ಗೋಡೆಯ ಫ್ಯಾನ್ ರೆಗ್ಯುಲೇಟರ್ ಇದಕ್ಕೆ ಆಗುವುದಿಲ್ಲ, ಅದು 230 ವೋಲ್ಟ್ ಎಸಿಗೆ ಮಾಡಿದ್ದು. ಮೊದಲು ರೇಡಿಯೋದ ವಾಲ್ಯೂಮ್ ಕಂಟ್ರೋಲ್ ಅನ್ನು ನೇರ ಸಾಲಿನಲ್ಲಿ ಹಾಕಿದ್ದೆ, ಹತ್ತು ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ಅಷ್ಟು ಕರೆಂಟ್ ಹೊರುವ ತಾಕತ್ತು ಅದಕ್ಕಿಲ್ಲ. ಆಮೇಲೆ ಎಲ್‌ಎಂ317 ಅನ್ನುವ ಮೂರು ಕಾಲಿನ ರೆಗ್ಯುಲೇಟರ್ ಹಾಕಿದೆ. ಜೊತೆಗೆ 240 ಓಮ್‌ನ ಒಂದು ರೆಸಿಸ್ಟರ್, 2 ಕಿಲೋ ಓಮ್‌ನ ಪಾಟ್, ಅಂದರೆ ಗುಂಡಿ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್. ಅಂಗಡಿಯವರು 5 ಕಿಲೋ ಓಮ್‌ನದು ಕೊಟ್ಟರೆ ನಡೆಯುತ್ತದೆ, ಆದರೆ ಗುಂಡಿಯ ಮೊದಲ ಮೂರನೇ ಒಂದು ಭಾಗದಲ್ಲೇ ಎಲ್ಲ ಮುಗಿದು ಉಳಿದದ್ದು ಸುಮ್ನೆ ತಿರುಗುತ್ತದೆ. ರೆಗ್ಯುಲೇಟರ್ ಬಿಸಿಯಾಗುತ್ತದೆ, ಬೆನ್ನಿಗೆ ಅಲ್ಯೂಮಿನಿಯಂ ತುಂಡು ಬಿಗಿಯಿರಿ.

ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳೋಕಾಗಲ್ಲ ಅಲ್ವಾ? 12 ವೋಲ್ಟ್‌ನದಾಗಿದ್ದು ಇಲ್ಲೇ ಉಪಯೋಗಕ್ಕೆ ಬಂತು. ಇನ್ವರ್ಟರ್ ಬ್ಯಾಟರಿಯಿಂದ ನೇರವಾಗಿ ಎರಡು ವೈರ್ ಎಳೆದಿದ್ದೇನೆ, ನಡುವೆ 1 ಆಂಪಿಯರ್ ಫ್ಯೂಸ್. ಫ್ಯಾನ್ ಎಳೆಯುವುದು 0.2 ಆಂಪಿಯರ್. ಇಡೀ ದಿನ ಓಡಿದರೂ 5 ಆಂಪಿಯರ್-ಅವರ್ ದಾಟುವುದಿಲ್ಲ.

ಯೀಸ್ಟ್‌ನ ಊಟಕ್ಕೆ ಲೀಟರ್ ನೀರಿಗೆ 100 ಗ್ರಾಂ ಬಾರ್ಲಿ ಮಾಲ್ಟ್ ಎಕ್ಸ್‌ಟ್ರಾಕ್ಟ್ ಪುಡಿ. ಇದು ಬಿಯರ್‌ನವರ ಲೆಕ್ಕ, ನಾನು ಬದಲಾಯಿಸಿಲ್ಲ. ಬರೀ ಬೆಲ್ಲದ ನೀರಿನಲ್ಲೂ ಮಾಡಿ ನೋಡಿದೆ. ಸಕ್ಕರೆ ಇದೆ, ಆದರೆ ಸಾರಜನಕ ಸಾಲದು, ಗಸಿ ತೆಳ್ಳಗೆ ಬಂತು. ಸಾರಜನಕಕ್ಕೆ ಡಿಎಪಿ ಹಾಕುತ್ತಾರೆ ಅಂದ ಕೂಡಲೇ ನಮ್ಮಂಥವರಿಗೆ ಗೋದಾಮಿನ ಗೊಬ್ಬರದ ಚೀಲ ನೆನಪಾಗುತ್ತದೆ. ಅದನ್ನು ಮಾತ್ರ ಮುಟ್ಟಬೇಡಿ. ಆಹಾರಕ್ಕೆ ಅಂತ ಶುದ್ಧ ಮಾಡಿದ ಡಿಎಪಿ ಬೇರೆಯೇ ಸಿಗುತ್ತದೆ. ಮೊಳಕೆ ರಾಗಿ ಹಿಟ್ಟನ್ನು ಬಿಸಿ ನೀರಿನಲ್ಲಿ ನೆನೆಸಿ ಸೋಸಿದ ನೀರೂ ಚೆನ್ನಾಗಿಯೇ ಕೆಲಸ ಮಾಡಿತು. ಆದರೆ ಹಿಟ್ಟಿನ ಗಸಿ ಯಾವುದು, ಯೀಸ್ಟ್ ಗಸಿ ಯಾವುದು ಗೊತ್ತಾಗುವುದಿಲ್ಲ.

2 ಲೀಟರ್‌ನ ಬೋರೋಸಿಲ್ ಕೋನಿಕಲ್ ಫ್ಲಾಸ್ಕ್‌ನಲ್ಲಿ 1 ಲೀಟರ್ ಮಾತ್ರ. ನೊರೆಗೆ ಜಾಗ ಬೇಕು. ಬೀಡ್ ಒಳಗೇ ಹಾಕಿ 15 ನಿಮಿಷ ಕುದಿಸಿ, ಬಾಯಿಗೆ ಅಲ್ಯೂಮಿನಿಯಂ ಹಾಳೆ ಸಡಿಲವಾಗಿ ಮುಚ್ಚಿ ತಣಿಸುತ್ತೇನೆ. ಬಿಗಿ ಮುಚ್ಚಳ ಹಾಕಿದರೆ ಗಾಳಿ ಎಲ್ಲಿಂದ ಬರಬೇಕು? ಕುದಿ ಇಳಿಯದ ಫ್ಲಾಸ್ಕ್ ಅನ್ನು ಪೆಟ್ಟಿಗೆ ಮೇಲೆ ಇಡಬೇಡಿ, ಅಕ್ರಿಲಿಕ್ ಬಾಗುತ್ತದೆ. ಸಾಮಾನ್ಯ ನಿಯೋಡೈಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಬಲ ಕಳೆದುಕೊಳ್ಳುತ್ತದೆ. ಉಪ್ಪಿನಕಾಯಿ ಬಾಟಲಿಯಲ್ಲಿ ಮಾಡೋಣ ಅಂದುಕೊಂಡರೆ ಅದರ ತಳ ನಡುವೆ ಉಬ್ಬಿರುತ್ತದೆ, ಬೀಡ್ ನಿಲ್ಲುವುದಿಲ್ಲ.

ಮೊದಲ ರಾತ್ರಿ ಗುಂಡಿಯನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದೆ. ಫ್ಯಾನ್ ಹೊರಡಲು ಸುಮಾರು 5 ವೋಲ್ಟ್ ಕೇಳುತ್ತದೆ, ಹೊರಟ ಮೇಲೆ ಇನ್ನೂ ಇಳಿಸಬಹುದು. ಮೊದಲು ಬೀಡ್ ಟಿಕ್ ಟಿಕ್ ಅಂತು. ಆಮೇಲೆ ಸದ್ದು ನಿಂತಿತು. ಕಂದು ನೀರಿನ ನಡುವೆ ಒಂದು ಗುಳಿ ಬಿತ್ತು, ಬರಬರುತ್ತಾ ಹೆಬ್ಬೆರಳು ಹೋಗುವಷ್ಟು ಸುಳಿಯಾಯಿತು. ಅಮ್ಮ ಅಡುಗೆ ಮನೆಯಿಂದ ಬಂದು ನೋಡಿದರು.

"ಇದೇನೋ ಮಗ, ಕಡಗೋಲಿಲ್ಲದೆ ಕಡೀತಾ ಇದೆ?"

"ಮಜ್ಜಿಗೆ ಅಲ್ಲಮ್ಮ, ಯೀಸ್ಟು. ಅದಕ್ಕೆ ಗಾಳಿ ಸಿಗಬೇಕು."

"ಹಂಗಾದ್ರೆ ಚಳೀಲಿ ಯಾಕಿಟ್ಟೆ? ಹೆಪ್ಪು ಹಾಕಿದ ಹಾಲೇ ಈ ಚಳೀಲಿ ಹಿಡಿಯಲ್ಲ."

ಅಮ್ಮ ಹೇಳಿದ್ದು ಸರಿ. ಫ್ಯಾನ್ ಬೀಸುವ ಗಾಳಿಗೆ ಫ್ಲಾಸ್ಕ್ ಇನ್ನೂ ತಣ್ಣಗಾಗುತ್ತಿತ್ತು. ಅವತ್ತೇ ಪೆಟ್ಟಿಗೆಯನ್ನು ಬಚ್ಚಲ ಒಲೆಯ ಹಿಂದಿನ ಗೋಡೆಗೆ, ಒಣ ಕೋಣೆಯ ಕಡೆಯಿಂದ ಒರಗಿಸಿ ಇಟ್ಟೆ. ಹಂಡೆ ಕಾಯಿಸಿದ ಮೇಲೆ ಆ ಗೋಡೆ ರಾತ್ರಿಯಿಡೀ ಬೆಚ್ಚಗಿರುತ್ತದೆ. ಈಗಲೂ ಅದೇ ಜಾಗ.

ಸುಳಿ ಆಳ ಇರಬೇಕಿಲ್ಲ, ಮೇಲೆ ಒಂದು ಗುಳಿ ಕಂಡರೆ ಸಾಕು. 18ರಿಂದ 24 ಗಂಟೆಯಲ್ಲಿ ನೀರು ಗಟ್ಟಿ ಚಹಾದ ಬಣ್ಣದಿಂದ ಹಾಲು ಬೆರೆಸಿದಂತಾಗುತ್ತದೆ. ಬ್ರೆಡ್ ವಾಸನೆ ಬಂದರೆ ಒಳ್ಳೆಯದು. ವಿನೆಗರ್ ವಾಸನೆ ಬಂದರೆ ಚೆಲ್ಲಿಬಿಡುತ್ತೇನೆ, ಅದನ್ನು ತೊಟ್ಟಿಗೆ ಹಾಕುವ ಆಸೆ ಬೇಡ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟರೆ ತಳದಲ್ಲಿ ಬೆಣ್ಣೆಯಂಥ ಗಸಿ ನಿಲ್ಲುತ್ತದೆ. ಕೈಯಿಂದ ಅಲುಗಾಡಿಸುತ್ತಿದ್ದಾಗ ಬರುತ್ತಿದ್ದದ್ದಕ್ಕಿಂತ ಈಗ ಹತ್ತಿರ ಹತ್ತಿರ ಎರಡು ಪಟ್ಟು. ಮೇಲಿನ ನೀರು ಬಸಿದು ಗಸಿಯನ್ನು ತೊಟ್ಟಿಗೆ ಬಿಡುತ್ತೇನೆ. ಕಳೆದ ಡಿಸೆಂಬರಿನಲ್ಲಿ ಎಲ್ಲ ತೊಟ್ಟಿಯೂ 22ರಿಂದ 28 ಗಂಟೆಯೊಳಗೆ ಲೋಳೆ ಬಿಟ್ಟವು. ಹುಳಿ ಅಳೆಯುವ ಪಿಎಚ್ ಮೀಟರ್ ಇದೆ, 4ರ ಹತ್ತಿರ ಬಂದರೆ ತೊಳೆಯಲು ಶುರು ಮಾಡುತ್ತೇನೆ. ಆದರೂ ಒಂದು ಹಿಡಿ ಬೀಜ ತೊಳೆದು ಅಂಗೈಯಲ್ಲಿ ಉಜ್ಜಿ, ಗರಗರ ಸದ್ದು ಕೇಳಿದ ಮೇಲೇ ನೀರು ಬಿಡೋದು.

ಗಸಿ ಸುರಿಯುವಾಗ ಫ್ಲಾಸ್ಕಿನ ತಳಕ್ಕೆ ಹೊರಗಿನಿಂದ ಒಂದು ಮ್ಯಾಗ್ನೆಟ್ ಹಿಡಿದುಕೊಳ್ಳಬೇಕು. ಒಂದು ಸಲ ಮರೆತೆ, ಗಸಿ ಜೊತೆ ಬೀಡ್ ತೊಟ್ಟಿಗೆ ಬಿತ್ತು. ಬಿಳೀ ಬೀಡ್, ಬಿಳೀ ಬೀಜ, ಮೇಲೆ ಲೋಳೆ. ತೊಳೆಯುವ ಮೆಷಿನ್ನಿಗೆ ಹೋದರೆ ಮೆಷಿನ್ನಿಗೂ ಕೇಡು. ಮುರಿದಿದ್ದ ಮೊದಲ ಮ್ಯಾಗ್ನೆಟ್‌ನ ದೊಡ್ಡ ಚೂರನ್ನು ಬಟ್ಟೆಯಲ್ಲಿ ಸುತ್ತಿ, ಗೊಬ್ಬರದ ಚೀಲದ ದಾರಕ್ಕೆ ಕಟ್ಟಿ, ತೊಟ್ಟಿಯೊಳಗೆ ಸಾಲು ಹಿಡಿದು ಎಳೆದೆ. ಮೂರನೇ ಸಾಲಿನಲ್ಲಿ ಟಕ್ ಅಂತು. ಆ ಚೂರು ಈಗ ದಾರದ ಸಮೇತ ಪಲ್ಪರ್ ಮನೆಯ ಮೊಳೆಯಲ್ಲೇ ನೇತಾಡುತ್ತಿದೆ.