ಹೊರಗಿನ ನೀರು, ಒಳಗಿನ ನೀರು: ಬಳ್ಳಾರಿಯ ಡಾರ್ಕ್‌ರೂಮಿನಲ್ಲಿ ತೊಟ್ಟಿ ನಿಭಾಯಿಸಿದ ನನ್ನ ಅನುಭವ

ಬಳ್ಳಾರಿಯಲ್ಲಿ ಡಾರ್ಕ್‌ರೂಮ್ (ಫೋಟೋ ಪ್ರಿಂಟು ಮಾಡುವ ಕತ್ತಲ ಕೋಣೆ) ನಡೆಸುವವನಿಗೆ ಮೊದಲ ಚಿಂತೆ ಪೇಪರಿನದ್ದಲ್ಲ, ನೀರಿನದ್ದು. ನಲ್ಲಿ ನೀರು ಬಿಟ್ಟ ದಿನ ಸಂಪು ತುಂಬಿಸಿಕೊಂಡು, ಮತ್ತೆ ಬಿಡುವವರೆಗೂ ಅದರಲ್ಲೇ ದಿನ ದೂಡಬೇಕು. ಅಂಥ ಮನೆಯಲ್ಲಿ ನಾಲ್ಕು ಟ್ರೇ ಹರಡಿಕೊಂಡು, ಪ್ರತಿ ರಾತ್ರಿ ಕೆಮಿಕಲ್ ಸುರಿದು, ಟ್ರೇ ತೊಳೆದು, ಮರುದಿನ ಹೊಸದಾಗಿ ಕಲೆಸುವುದು ನಡೆಯುವ ಮಾತಲ್ಲ. ಅದಕ್ಕೇ ನಾನು ನಿಂತ ತೊಟ್ಟಿಗೆ ಬಂದೆ. ಪ್ರಿಂಟನ್ನು ಮಲಗಿಸದೆ ಕ್ಲಿಪ್ಪಿಗೆ ಸಿಕ್ಕಿಸಿ, ಕಿರಿದಾದ ಸ್ಲಾಟಿನೊಳಗೆ ನೇರ ಇಳಿಬಿಡುವ ಪದ್ಧತಿ ಇದು. ಸ್ಲಾಟುಗಳ ಸುತ್ತ, ಹೊರತೊಟ್ಟಿಯಲ್ಲಿ, ಬೆಚ್ಚನೆಯ ನೀರು ನಿಂತಿರುತ್ತದೆ. ಬ್ರಿಟನ್ನಿನ ನೋವಾ ಕಂಪನಿಯ ಸ್ಲಾಟ್ ಪ್ರೊಸೆಸರ್ ಈ ಬಗೆಯದ್ದು. ಅದನ್ನು ತರಿಸುವ ಶಕ್ತಿ ನನಗಿರಲಿಲ್ಲ, ಅಕ್ರಿಲಿಕ್ ಹಾಳೆಯಲ್ಲಿ ಇಲ್ಲೇ ಮಾಡಿಸಿಕೊಂಡೆ.

ನನ್ನ ಸ್ಲಾಟಿನ ಒಳಅಳತೆ 28 ಸೆಂ.ಮೀ. ಅಗಲ, 30 ಸೆಂ.ಮೀ. ಆಳ, ಒಂದೂವರೆ ಸೆಂ.ಮೀ. ದಪ್ಪ. 8×10 ಇಂಚಿನ ಪ್ರಿಂಟಿಗೆ ಸಾಕು. ಒಂದೂಕಾಲು ಲೀಟರಿನಷ್ಟು ಕೆಮಿಕಲ್ ಹಿಡಿಯುತ್ತದೆ. ಅದರಲ್ಲಿ ಗಾಳಿ ತಾಕುವ ಜಾಗ ಬರೀ 42 ಚದರ ಸೆಂ.ಮೀ.; ಅದೇ ಅಳತೆಯ ಪ್ರಿಂಟಿನ ಟ್ರೇಯಲ್ಲಿ ಅದು 700ಕ್ಕೂ ಮಿಕ್ಕಿರುತ್ತದೆ. ಟ್ರೇಯ ಡೆವಲಪರ್ (ಪೇಪರಿನ ಮೇಲೆ ಚಿತ್ರ ಮೂಡಿಸುವ ಕೆಮಿಕಲ್) ರಾತ್ರಿ ಬೆಳಗಾಗುವಷ್ಟರಲ್ಲಿ ಕಂದುತ್ತದೆ, ಸ್ಲಾಟಿನದ್ದು ಮೇಲೊಂದು ಮುಚ್ಚಳ ಹಾಕಿದರೆ ವಾರಗಟ್ಟಲೆ ತಡೆಯುತ್ತದೆ. ಲಾಭವೆಲ್ಲ ಇರುವುದು ಇಲ್ಲೇ. ಹಾಗೆಂದು ತೊಟ್ಟಿಯನ್ನು ಮರೆತು ಕೂರಬಾರದು, ಅದು ಕಾಯುವವರನ್ನು ಕೇಳುತ್ತದೆ.

ಬೋರ್ಡು ಮಾಡುವ ಅಂಗಡಿಯ ಹುಡುಗ ನಕ್ಷೆ ನೋಡಿ, "ಅಣ್ಣ, ಮೀನು ಸಾಕಾಕ ಇಷ್ಟು ಇಕ್ಕಟ್ಟು ಗೂಡು ಯಾಕ್ರಿ?" ಅಂದಿದ್ದ. ಕ್ಲೋರೋಫಾರ್ಮ್ ಹಚ್ಚಿ ಕೂಡಿಸುವ ಕೈ ಮಾತ್ರ ಅವನದು ಚೆನ್ನಾಗಿತ್ತು. ನಾಲ್ಕು ಸ್ಲಾಟು: ಡೆವಲಪರ್, ಅದರ ಕೆಲಸ ನಿಲ್ಲಿಸುವ ಆಮ್ಲದ ಸ್ಟಾಪ್, ಪೇಪರಿನಲ್ಲಿ ಉಳಿದ ಬೆಳ್ಳಿಯಂಶ ಕರಗಿಸಿ ಚಿತ್ರ ಕಾಯಂ ಮಾಡುವ ಫಿಕ್ಸರ್, ತೊಳೆಯುವ ನೀರು. ಪ್ರತಿ ಸ್ಲಾಟಿನ ಒಂದು ಪಕ್ಕ ಹೊರತೊಟ್ಟಿಯ ಗೋಡೆಗೇ ಅಂಟಿದೆ, ಅಲ್ಲಿಂದ ಸಣ್ಣ ಪ್ಲಾಸ್ಟಿಕ್ ನಿಪ್ಪಲ್ ಹೊರಬಂದು ಮೆತ್ತನೆ ಪೈಪು, ಕಾಕ್. ಹೊರತೊಟ್ಟಿಗೆ ಡ್ರಿಪ್ ಅಂಗಡಿಯ 16 ಎಂಎಂ ಗ್ರೊಮೆಟ್ (ರಬ್ಬರ್ ಬಳೆ) ಮತ್ತು ಕಾಕ್ ಹಾಕಿದ್ದೇನೆ. ಮೆಣಸಿನಕಾಯಿ ಹೊಲದ ನಾಡು, ಡ್ರಿಪ್ ಸಾಮಾನಿಗೆ ಇಲ್ಲಿ ಕೊರತೆಯಿಲ್ಲ. ಹಿತ್ತಾಳೆ ನಲ್ಲಿ ಮಾತ್ರ ಬೇಡವೆಂದೆ. ತಾಮ್ರದ ಅಂಶ ಡೆವಲಪರಿಗೆ ಸೇರಿದರೆ ಅದು ಬೇಗ ಕೆಡುತ್ತದೆ, ಪ್ರಿಂಟಿಗೆ ಮಬ್ಬು ಹಿಡಿಯುತ್ತದೆ.

ಈಗ ಮುಖ್ಯ ವಿಷಯ. ತೊಟ್ಟಿಯನ್ನು ಖಾಲಿ ಮಾಡುವುದೆಂದರೆ ಕಾಕ್ ತಿರುಗಿಸಿ ಬಿಡುವುದಲ್ಲ. ಹೊರಗೆ ಇಪ್ಪತ್ತೈದು ಲೀಟರ್ ನೀರು ನಿಂತಿರುವಾಗ ಒಳಗಿನ ಸ್ಲಾಟನ್ನು ಪೂರ್ತಿ ಬರಿದು ಮಾಡಿದರೆ, ಆ ನೀರೆಲ್ಲ ಸ್ಲಾಟಿನ ತೆಳು ಗೋಡೆಯನ್ನು ಒಳಕ್ಕೆ ಒತ್ತುತ್ತದೆ. ಸ್ಲಾಟು ತುಂಬಿರುವಾಗ ಹೊರಗಿನ ನೀರು ಬಿಟ್ಟರೆ ಗೋಡೆ ಹೊರಕ್ಕೆ ಉಬ್ಬುತ್ತದೆ. ಎರಡರಲ್ಲೂ ಪೆಟ್ಟು ಬೀಳುವುದು ಅಂಟಿಸಿದ ಮೂಲೆಗೆ. ಒಂದೇ ದಿನಕ್ಕೆ ಒಡೆಯುವುದಿಲ್ಲ, ಹತ್ತಾರು ಸಲ ಹೀಗೆ ಹಿಗ್ಗಿ ಕುಗ್ಗಿ ಕೂದಲೆಳೆ ಬಿರುಕು ಬಿಡುತ್ತದೆ. ಹಾಗಾಗಿ ನಾನು ಒಳಗೂ ಹೊರಗೂ ಮಟ್ಟ ಸಮನಾಗಿಯೇ ಇಳಿಸುತ್ತೇನೆ. ಹೊರಗೆ ನಾಲ್ಕು ಬೆರಳು ಇಳಿದ ಮೇಲೆ ಕಾಕ್ ಮುಚ್ಚಿ, ಸ್ಲಾಟುಗಳಲ್ಲೂ ಅಷ್ಟೇ ಇಳಿಸಿ, ಮತ್ತೆ ಹೊರಗಿನದು. ಗೋಡೆಗೆ ಮಾರ್ಕರಿನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ತುಂಬಿಸುವಾಗಲೂ ಇದೇ ಕ್ರಮ.

ಅದಕ್ಕೂ ಮೊದಲು ಹೀಟರ್ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕಾಲು ಗಂಟೆ ಬಿಡಬೇಕು. ನನ್ನದು ಮೀನಿನ ತೊಟ್ಟಿಗೆ ಹಾಕುವ 200 ವಾಟಿನ ಗಾಜಿನ ಹೀಟರ್. ಬಿಸಿಯಿರುವಾಗ ನೀರು ಕೆಳಗಿಳಿದು ಗಾಜು ಗಾಳಿಗೆ ಬಂದರೆ ಒಡೆಯುತ್ತದೆ. ಒಡೆದ ಹೀಟರಿನ ನೀರಿಗೆ ಕೈಯಿಟ್ಟರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಡಾರ್ಕ್‌ರೂಮಿನ ಲೈನಿಗೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಯಾರೂ ಇಂಥ ತೊಟ್ಟಿಗೆ ಕರೆಂಟು ಕೊಡಬೇಡಿ. ಹೀಟರಿನ ಪಕ್ಕದಲ್ಲಿ ಸಣ್ಣ ಪಂಪೊಂದು ನೀರನ್ನು ತಿರುಗಿಸುತ್ತಿರುತ್ತದೆ. ಅದಿಲ್ಲದಿದ್ದರೆ ಹೀಟರ್ ಬದಿಯ ಸ್ಲಾಟೊಂದು ಬಿಸಿ, ಆಚೆಯದು ತಣ್ಣಗೆ.

ಬಳ್ಳಾರಿಯಲ್ಲಿ ಹೀಟರಾ ಎಂದು ನಗುವವರಿದ್ದಾರೆ. ಡಿಸೆಂಬರ್, ಜನವರಿಯ ರಾತ್ರಿ ನನ್ನ ಹಿತ್ತಿಲ ಕೋಣೆಯಲ್ಲಿ ನೀರು 18 ಡಿಗ್ರಿಗೆ ಇಳಿಯುತ್ತದೆ. ಡೆವಲಪರಿನ ಹೈಡ್ರೋಕ್ವಿನೋನ್ ಎಂಬ ಅಂಶ ತಣ್ಣಗಾದಷ್ಟೂ ಸೋಮಾರಿ, ಕಪ್ಪು ಗಟ್ಟಿಯಾಗಿ ಬರುವುದಿಲ್ಲ. ನಾನು ವರ್ಷವಿಡೀ 24 ಡಿಗ್ರಿಗೆ ಕಟ್ಟಿಕೊಂಡಿದ್ದೇನೆ. 18ರಿಂದ 24ಕ್ಕೆ ಏರಲು ಆ ಹೀಟರಿಗೆ ಒಂದು ಗಂಟೆಗೂ ಮೇಲೆ ಬೇಕು, ಆದ್ದರಿಂದ ಎರಡು ತಂಬಿಗೆ ಬಿಸಿನೀರು ಹೊರತೊಟ್ಟಿಗೆ ಸೇರಿಸಿ ಶುರು ಮಾಡುತ್ತೇನೆ. ಒಮ್ಮೆ ಏರಿದರೆ, ನಡುವೆ ಕರೆಂಟು ಹೋದರೂ ಅಷ್ಟು ನೀರು ಬೇಗ ಆರುವುದಿಲ್ಲ.

ಬೇಸಿಗೆಯಲ್ಲಿ ಲೆಕ್ಕ ತಿರುಗುಮುರುಗು. ನೀರು 34 ಇರುತ್ತದೆ, ಹೀಟರಿಗೆ ತಣ್ಣಗೆ ಮಾಡಲು ಬರುವುದಿಲ್ಲ. 24ಕ್ಕೆ ಇಳಿಸಲು ಮೂರು ಕಿಲೋ ಐಸ್ ಬೇಕು. ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಹೊರತೊಟ್ಟಿಗೆ ಬಿಡುವ ಮೊದಲು ಅಲ್ಲಿಂದ ಮೂರು ಲೀಟರ್ ನೀರು ತೆಗೆದಿರಬೇಕು, ಇಲ್ಲದಿದ್ದರೆ ಮಟ್ಟ ಏರಿ ಹೊರಗಿನ ನೀರು ಸ್ಲಾಟಿನೊಳಕ್ಕೇ ಹರಿಯುತ್ತದೆ. ತಮಾಷೆಯೆಂದರೆ ಕಲರ್ ಪ್ರಿಂಟಿನ ಆರ್‌ಎ-4 ಪ್ರೊಸೆಸ್ ಕೇಳುವುದೇ 35 ಡಿಗ್ರಿ. ಬೇರೆ ಊರಿನವರು ಅದಕ್ಕಾಗಿ ನೀರು ಕಾಯಿಸುತ್ತಾರೆ, ನಮಗೆ ಮೇ ತಿಂಗಳು ಪುಕ್ಕಟೆ ಕೊಡುತ್ತದೆ.

ಹೊರತೊಟ್ಟಿಗೆ ಎಂಥ ನೀರು ಎನ್ನುವುದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೋರಿನ ನೀರು ಹಾಕಿದರೆ ಹೀಟರಿನ ಗಾಜಿನ ಮೇಲೆ ಬಿಳಿ ಪದರ ಕಟ್ಟುತ್ತದೆ, ಥರ್ಮೋಸ್ಟಾಟ್ ತಪ್ಪು ಓದುತ್ತದೆ, ಪಂಪಿನ ಫ್ಯಾನು ಸಿಕ್ಕಿಕೊಳ್ಳುತ್ತದೆ. ಅದೇ ನೀರಿನಲ್ಲಿ ಡೆವಲಪರ್ ಕಲೆಸಿದರೆ ಹಾಲಿನಂತೆ ಕದಡುತ್ತದೆ, ಸುಣ್ಣದಂಶ ಕಾರ್ಬೋನೇಟಿನೊಡನೆ ಕೂಡಿ ಕೆಳಗೆ ಕೂರುತ್ತದೆ. ನಾನು ಕೆಮಿಕಲ್ಲಿಗೆ ಆರ್‌ಓ ಕ್ಯಾನಿನ ನೀರು, ಹೊರಗೆ ತುಂಗಭದ್ರೆಯ ನಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಹಾಕುತ್ತೇನೆ. ಬೆಚ್ಚಗೆ ನಿಂತ ನೀರಿಗೆ ಕತ್ತಲಲ್ಲೂ ಲೋಳೆ ಹಿಡಿಯುತ್ತದೆ. ಬೆರಳಿಗೆ ಜಾರಿತೋ, ಬದಲಾಯಿಸುವುದೇ. ಆ ನೀರು ಕೆಮಿಕಲ್ ಮುಟ್ಟಿರದಿದ್ದರೆ ಅಂಗಳ ತೊಳೆಯಲು ಹೋಗುತ್ತದೆ. ಬಿಳಿ ಪದರ ಕಟ್ಟಿದ್ದರೆ ಲೀಟರಿಗೆ 50 ಗ್ರಾಂ ನಿಂಬೆ ಉಪ್ಪು ಹಾಕಿ ಒಂದು ರಾತ್ರಿ ಬಿಟ್ಟರೆ ತಾನೇ ಉದುರುತ್ತದೆ. ಇನ್ನು ನಮ್ಮ ಕೆಂಪು ಅದಿರಿನ ಧೂಳು. ಅದಕ್ಕೆ ಮುಚ್ಚಳ, ಬಾಗಿಲ ಸಂದಿಗೆ ಒದ್ದೆ ಬಟ್ಟೆ, ಅಷ್ಟೇ.

ಸೋರಿಕೆ ಇದೆಯೇ ಎಂದು ನೋಡುವುದು ಸುಲಭ. ಖಾಲಿ ಮಾಡಿ ತೊಳೆದ ದಿನ ಸ್ಲಾಟುಗಳಿಗೆ ಬರೀ ನೀರು, ಹೊರಗಿನ ನೀರಿಗೆ ಜಿಲೇಬಿ ಬಣ್ಣ. ಹೊರಗಿನ ಮಟ್ಟವನ್ನು ಎರಡು ಬೆರಳು ಹೆಚ್ಚಿಗೆ ಇಟ್ಟು ರಾತ್ರಿ ಬಿಡುತ್ತೇನೆ. ಬೆಳಿಗ್ಗೆ ಯಾವ ಸ್ಲಾಟು ಕೇಸರಿಯಾಗಿದೆಯೋ ಅದರಲ್ಲಿ ಬಿರುಕು. ಕೆಲಸದ ದಿನಗಳಲ್ಲಿ ಹೊರಗಿನ ನೀರು ಕಾರಣವಿಲ್ಲದೆ ಕಂದಿದರೆ ಡೆವಲಪರ್ ಸ್ಲಾಟನ್ನೇ ಅನುಮಾನಿಸಬೇಕು.

ಯಾವುದನ್ನು ಮೊದಲು ಖಾಲಿ ಮಾಡಬೇಕು? ಮಟ್ಟ ಇಳಿಸುವ ಪ್ರತಿ ಸುತ್ತಿನಲ್ಲೂ ಮೊದಲು ಡೆವಲಪರ್, ಆಮೇಲೆ ಸ್ಟಾಪ್, ಕೊನೆಗೆ ಫಿಕ್ಸರ್. ಫಿಕ್ಸರಿಗೆ ಡೆವಲಪರಿನ ಹನಿ ಬಿದ್ದರೆ ಹೇಗೋ ನಡೆಯುತ್ತದೆ, ಡೆವಲಪರಿಗೆ ಫಿಕ್ಸರ್ ಬಿದ್ದರೆ ನಡೆಯುವುದಿಲ್ಲ. ತುಂಬಿಸುವಾಗ ಉಲ್ಟಾ. ಫಿಕ್ಸರ್ ಮೊದಲು, ಡೆವಲಪರ್ ಕೊನೆಗೆ. ಸುರಿಯುವಾಗ ಚಿಮ್ಮಿದ್ದು ಖಾಲಿ ಸ್ಲಾಟಿಗೆ ಬಿದ್ದರೆ ಜಾಲಿಸಿ ಬಿಡಬಹುದು. ಕ್ಯಾನುಗಳಿಗೆ ಬೇರೆ ಬೇರೆ ಬಣ್ಣದ ಟೇಪು, ಲಾಳಿಕೆಯೂ ಬೇರೆ ಬೇರೆ. ಕ್ಲಿಪ್ಪು ಫಿಕ್ಸರಿನಿಂದ ಬಂದ ಮೇಲೆ ತೊಳೆದು ಒರೆಸದೆ ಮತ್ತೆ ಡೆವಲಪರಿಗೆ ಇಳಿಯಕೂಡದು.

ಕಾಕ್ ಬಿಟ್ಟರೂ ತಳದಲ್ಲಿ ಬೆರಳಷ್ಟು ಉಳಿಯುತ್ತದೆ, ಗಸಿಯೆಲ್ಲ ಇರುವುದು ಅದರಲ್ಲೇ. ತೊಟ್ಟಿಯ ಆಚೆ ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿದರೆ ಬಂದುಬಿಡುತ್ತದೆ. ಒಂದೂವರೆ ಸೆಂ.ಮೀ. ಸಂದಿಗೆ ಕೈ ಹೋಗದು. ಪ್ಲಾಸ್ಟಿಕ್ ಸ್ಕೇಲಿಗೆ ಸ್ಪಂಜು ಸುತ್ತಿ ದಾರ ಬಿಗಿದು ಉಜ್ಜುತ್ತೇನೆ, ಸ್ಲಾಟಿಗೊಂದು ಸ್ಕೇಲು. ಅಕ್ರಿಲಿಕ್ಕಿಗೆ ಸ್ಪಿರಿಟ್ ಹಚ್ಚಬೇಡಿ, ಮೈಯೆಲ್ಲ ಸೀಳು ಬಿಡುತ್ತದೆ. ಕಲೆ ಹೋಗಲೆಂದು ಬಚ್ಚಲು ತೊಳೆಯುವ ಬ್ಲೀಚ್ ಸುರಿಯುವ ಯೋಚನೆಯೂ ಬೇಡ. ಸ್ಟಾಪಿನ ಆಮ್ಲವೋ ನಿಂಬೆ ಉಪ್ಪೋ ಉಳಿದಿದ್ದರೆ ಕ್ಲೋರಿನ್ ಗಾಳಿ ಏಳುತ್ತದೆ, ಮುಚ್ಚಿದ ಕತ್ತಲ ಕೋಣೆಯಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಡೆವಲಪರ್ ಸ್ಲಾಟಿನ ಕಂದು ಕಲೆ ನನ್ನಲ್ಲಿ ಹಾಗೇ ಇದೆ. ಪ್ರಿಂಟಿಗೇನೂ ತೊಂದರೆಯಿಲ್ಲ.

ಬಿಟ್ಟ ಕೆಮಿಕಲ್ಲಿನಲ್ಲಿ ಡೆವಲಪರ್ ಮತ್ತು ಸ್ಟಾಪನ್ನು ಒಟ್ಟಿಗೆ ಬೆರೆಸುತ್ತೇನೆ, ಕ್ಷಾರವೂ ಆಮ್ಲವೂ ಒಂದನ್ನೊಂದು ಮುರಿಯುತ್ತವೆ. ಬಳಿಕ ಬಹಳ ನೀರಿನೊಡನೆ ಒಳಚರಂಡಿಗೆ, ಇಂಗುಗುಂಡಿಗೂ ಗಿಡಕ್ಕೂ ಅಲ್ಲ. ಫಿಕ್ಸರಿಗೆ ಆಮ್ಲ ಸೇರಿಸಬಾರದು, ಗಂಧಕ ಒಡೆದು ಉಸಿರು ಕಟ್ಟುವ ವಾಸನೆ ಬರುತ್ತದೆ. ಫಿಕ್ಸರ್ ಮುಗಿದಿದೆಯೇ ಎಂದು ತಿಳಿಯಲು ಪೊಟ್ಯಾಸಿಯಂ ಅಯೋಡೈಡ್ ದ್ರಾವಣದ ಕೆಲವು ಹನಿ ಹಾಕುತ್ತೇನೆ. ಹಳದಿ ಬಿಳುಪಿನ ಗಸಿ ಬಿದ್ದು ಕರಗದೆ ಉಳಿದರೆ ಅದರಲ್ಲಿ ಬೆಳ್ಳಿ ತುಂಬಿದೆ ಎಂದರ್ಥ. ಅಂಥದ್ದು ಚರಂಡಿಗೆ ಹೋಗಬಾರದು, ನೀರಿನ ಜೀವಿಗಳಿಗೆ ಕರಗಿದ ಬೆಳ್ಳಿ ವಿಷ. ಆಸ್ಪತ್ರೆಗಳಲ್ಲಿ ಎಕ್ಸ್‌ರೇ ಫಿಲ್ಮ್ ತೊಳೆಯುತ್ತಿದ್ದ ಕಾಲದಲ್ಲಿ ಹಳೇ ಹೈಪೋ (ಫಿಕ್ಸರ್) ಕೊಳ್ಳುವವರು ಮನೆ ಬಾಗಿಲಿಗೇ ಬರುತ್ತಿದ್ದರು, ಡಿಜಿಟಲ್ ಬಂದ ಮೇಲೆ ಕಾಣೆಯಾದರು. ಈಗ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ಟೀಲ್ ವುಲ್ ಹಾಕಿ ಫಿಕ್ಸರನ್ನು ಅದರೊಳಗೆ ನೆನೆಯಲು ಬಿಡುತ್ತೇನೆ. ಕಬ್ಬಿಣ ಕರಗಿ ಬೆಳ್ಳಿ ಕಪ್ಪು ಕೆಸರಾಗಿ ತಳಕ್ಕೆ ಕೂರುತ್ತದೆ. ತಿಳಿಯನ್ನು ಅಯೋಡೈಡಿನಲ್ಲಿ ಮತ್ತೆ ಪರೀಕ್ಷಿಸಿ, ಗಸಿ ಬೀಳದಿದ್ದರೆ ಮಾತ್ರ ಚೆಲ್ಲುವುದು. ಕೆಸರನ್ನು ಒಣಗಿಸಿ ಡಬ್ಬಿಗೆ ಹಾಕಿಡುತ್ತೇನೆ. ಅಕ್ಕಸಾಲಿಗರೊಬ್ಬರು, ಮುಷ್ಟಿಯಷ್ಟಾದರೂ ಕೂಡಲಿ, ಆಮೇಲೆ ಕರಗಿಸಿ ನೋಡೋಣ ಎಂದಿದ್ದಾರೆ.