ಮಕ್ಕಳ ಹೆಸರು ಒಂದೇ ಸಲ ಬರೆಯಿರಿ: ಶಿಕ್ಷಕರ ಸಂಜೆ ಉಳಿಸುವ ಕೆಲವು ಹೆಜ್ಜೆಗಳು

ಒಂದು ತರಗತಿಯ ಮಕ್ಕಳ ಹೆಸರನ್ನು ಕ್ಲಾಸ್ ಟೀಚರ್ ವರ್ಷಕ್ಕೆ ಎಷ್ಟು ಸಲ ಬರೆಯುತ್ತಾರೆ? ಹಾಜರಿ ಪುಸ್ತಕಕ್ಕೆ, ಎಫ್‌ಎ 1 (ರೂಪಣಾತ್ಮಕ ಮೌಲ್ಯಮಾಪನ) ಅಂಕಪಟ್ಟಿಗೆ, ಎಫ್‌ಎ 2ಕ್ಕೆ, ಎಸ್‌ಎ 1ಕ್ಕೆ (ಸಂಕಲನಾತ್ಮಕ ಮೌಲ್ಯಮಾಪನ). ಸಮವಸ್ತ್ರ ಕೊಟ್ಟ ಪಟ್ಟಿ, ಪಠ್ಯಪುಸ್ತಕ ಕೊಟ್ಟ ಪಟ್ಟಿ, ಸ್ಕಾಲರ್‌ಶಿಪ್ ಪಟ್ಟಿ, ಪ್ರವಾಸದ ಪಟ್ಟಿ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಫೋನ್ ಮಾಡಿ ‘ಇವತ್ತು ಸಂಜೆಯೊಳಗೆ ಬೇಕು ಮೇಡಂ’ ಅಂದ ಪಟ್ಟಿ ಬೇರೆ. ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಅದನ್ನು ಮುಗಿಸಿ, ಸಂಜೆಯ ಟ್ರಾಫಿಕ್‌ನಲ್ಲಿ ಬಸ್ ಹಿಡಿದು ಕೆಂಗೇರಿಗೋ ಕೆ.ಆರ್. ಪುರಕ್ಕೋ ಹೋಗುವಷ್ಟರಲ್ಲಿ ಕತ್ತಲಾಗಿರುತ್ತದೆ.

ಹತ್ತು ಹೊಸ ಆ್ಯಪ್ ಕಲಿಯಿರಿ ಎಂದು ಹೇಳಲು ಈ ಲೇಖನ ಬರೆಯುತ್ತಿಲ್ಲ. ನಿಮ್ಮ ಫೋನಿನಲ್ಲಿ, ಕಂಪ್ಯೂಟರ್‌ನಲ್ಲಿ ಈಗಾಗಲೇ ಇರುವುದೇ ಸಾಕು. ಒಮ್ಮೆ ಟೈಪ್ ಮಾಡಿದ್ದನ್ನು ಮತ್ತೊಮ್ಮೆ ಟೈಪ್ ಮಾಡುವಂತಾಗಬಾರದು. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

ಮೊದಲು ಒಂದು ಮೂಲ ಪಟ್ಟಿ

ಗೂಗಲ್ ಶೀಟ್ಸ್ ತೆರೆಯಿರಿ. ಎಕ್ಸೆಲ್ ರೂಢಿಯಿದ್ದರೆ ಅದರಲ್ಲೂ ಆಗುತ್ತದೆ. ಈ ಮೊದಲ ಕೆಲಸವನ್ನು ಕಂಪ್ಯೂಟರ್‌ನಲ್ಲೇ ಮಾಡಿ, ಫೋನಿನಲ್ಲಿ ಕಣ್ಣು ನೋಯುತ್ತದೆ. ಮೇಲಿನ ಸಾಲಿನಲ್ಲಿ ಕಾಲಂ ಹೆಸರುಗಳನ್ನು ಹಾಕಿ: ಕ್ರಮ ಸಂಖ್ಯೆ, ಕನ್ನಡದಲ್ಲಿ ಹೆಸರು, ಇಂಗ್ಲಿಷಿನಲ್ಲಿ ಹೆಸರು, ಸ್ಯಾಟ್ಸ್ ಸಂಖ್ಯೆ (ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ಮಗುವಿಗೂ ಇರುವ ಸಂಖ್ಯೆ), ಹುಟ್ಟಿದ ದಿನಾಂಕ, ತಂದೆ, ತಾಯಿ, ಫೋನ್, ಮನೆಮಾತು.

ಹೆಸರನ್ನು ದಾಖಲಾತಿ ಪುಸ್ತಕದಲ್ಲಿ ಇರುವ ಹಾಗೆಯೇ ಹಾಕಿ. ಇಲ್ಲಿ ಅವಸರ ಬೇಡ. ಒಂದಕ್ಷರ ತಪ್ಪಿದರೆ ಅದು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಹೋಗಬಹುದು. ಆಮೇಲೆ ಅದನ್ನು ತಿದ್ದಿಸಲು ಆ ಮಗುವಿನ ಅಪ್ಪನೋ ಅಮ್ಮನೋ ಕೆಲಸ ಬಿಟ್ಟು ಅಲೆಯಬೇಕು.

ಟೈಪ್ ಮಾಡಲು ಶುರು ಮಾಡುವ ಮೊದಲೇ ಎರಡು ಸೆಟ್ಟಿಂಗ್ ನೋಡಿಕೊಳ್ಳಿ. ಒಂದು, ‘ಫೈಲ್’ ಮೆನುವಿನ ‘ಸೆಟ್ಟಿಂಗ್ಸ್’ನಲ್ಲಿ ‘ಲೊಕೇಲ್’ (ಯಾವ ದೇಶದ ರೂಢಿ) ಎಂಬುದು ‘ಇಂಡಿಯಾ’ ಆಗಿರಲಿ. ಅದು ಅಮೆರಿಕ ಎಂದಿದ್ದರೆ 05/06/2014 ಎಂಬ ಜೂನ್ 5ನ್ನು ಶೀಟ್ ಮೇ 6 ಎಂದು ಓದುತ್ತದೆ. ಇನ್ನೊಂದು, ಸ್ಯಾಟ್ಸ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆಯಂಥ ಕಾಲಂಗಳನ್ನು ಆರಿಸಿ, ‘ಫಾರ್ಮ್ಯಾಟ್’ ಮೆನುವಿನ ‘ನಂಬರ್’ನಲ್ಲಿ ‘ಪ್ಲೇನ್ ಟೆಕ್ಸ್ಟ್’ ಎಂದು ಕೊಡಿ. ಇಲ್ಲದಿದ್ದರೆ ಸೊನ್ನೆಯಿಂದ ಶುರುವಾಗುವ ಖಾತೆ ಸಂಖ್ಯೆಯ ಮೊದಲ ಸೊನ್ನೆ ಮಾಯವಾಗುತ್ತದೆ. ಸ್ಕಾಲರ್‌ಶಿಪ್ ಅರ್ಜಿಗೆ ಅದೇ ತಪ್ಪು ಸಂಖ್ಯೆ ಹೋದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ, ಅಲ್ವಾ?

ಕೊನೆಗೆ ‘ವ್ಯೂ’ ಮೆನುವಿನಲ್ಲಿ ‘ಫ್ರೀಜ್’ ಒತ್ತಿ ಮೊದಲ ಸಾಲನ್ನು ನಿಲ್ಲಿಸಿ. ಎಷ್ಟೇ ಕೆಳಗೆ ಹೋದರೂ ಕಾಲಂ ಹೆಸರು ಕಣ್ಣ ಮುಂದೆಯೇ ಇರುತ್ತದೆ.

ಉಳಿದ ಪಟ್ಟಿಗಳು ತಾವಾಗಿಯೇ ಬರಲಿ

ಅದೇ ಫೈಲ್‌ನಲ್ಲಿ ಕೆಳಗಿನ ಪ್ಲಸ್ ಗುರುತು ಒತ್ತಿ ಹೊಸ ಶೀಟ್ ಸೇರಿಸಿ. ಅದಕ್ಕೆ ‘ಎಫ್‌ಎ 1’ ಎಂದು ಹೆಸರಿಡಿ. ಹೆಸರು ಬರಬೇಕಾದ ಮೊದಲ ಚೌಕದಲ್ಲಿ ಸಮ ಚಿಹ್ನೆ = ಹಾಕಿ. ಈಗ ಮೂಲ ಪಟ್ಟಿಗೆ ಹೋಗಿ ಮೊದಲ ಮಗುವಿನ ಹೆಸರಿನ ಮೇಲೆ ಕ್ಲಿಕ್ ಮಾಡಿ, ಎಂಟರ್ ಒತ್ತಿ. ಆ ಹೆಸರು ಹೊಸ ಶೀಟ್‌ಗೆ ಬಂದಿರುತ್ತದೆ. ಚೌಕದ ಬಲಗಡೆ ಕೆಳಮೂಲೆಯಲ್ಲಿ ಚಿಕ್ಕ ಚುಕ್ಕೆಯಿದೆ. ಅದನ್ನು ಹಿಡಿದು ಕೆಳಕ್ಕೆ ಎಳೆಯಿರಿ. ಇಡೀ ತರಗತಿಯ ಹೆಸರು ಇಳಿದು ಬರುತ್ತದೆ. ಮೂಲ ಪಟ್ಟಿಯಲ್ಲಿ ಒಂದು ಹೆಸರು ತಿದ್ದಿದರೆ ಎಲ್ಲ ಶೀಟ್‌ಗಳಲ್ಲೂ ತಿದ್ದುಪಡಿಯಾಗುತ್ತದೆ.

ಇದರಲ್ಲಿ ಮೂರು ಎಚ್ಚರಿಕೆ ಬೇಕು. ಅಂಕ ತುಂಬಿದ ಮೇಲೆ ಮೂಲ ಪಟ್ಟಿಯನ್ನು ‘ಸಾರ್ಟ್’ ಮಾಡಲೇಬೇಡಿ. ಹೆಸರುಗಳು ಮೇಲೆ ಕೆಳಗೆ ಓಡಾಡುತ್ತವೆ, ನೀವು ಹಾಕಿದ ಅಂಕಗಳು ಇದ್ದಲ್ಲೇ ಇರುತ್ತವೆ. ಒಬ್ಬರ ಅಂಕ ಇನ್ನೊಬ್ಬರ ಹೆಸರಿನ ಮುಂದೆ ಹೋಗುತ್ತದೆ. ಹೊಸದಾಗಿ ಸೇರಿದ ಮಗುವನ್ನು ಪಟ್ಟಿಯ ಕೊನೆಗೇ ಸೇರಿಸಿ, ಮಧ್ಯೆ ಸಾಲು ತೂರಿಸಬೇಡಿ. ಟಿ.ಸಿ. ತೆಗೆದುಕೊಂಡು ಹೋದ ಮಗುವಿನ ಸಾಲನ್ನು ಅಳಿಸಬೇಡಿ, ಪಕ್ಕದಲ್ಲಿ ‘ಟಿ.ಸಿ.’ ಎಂದು ಬರೆಯಿರಿ. ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮುಗಿದ ಕೂಡಲೇ ಜಾಗ ಬದಲಿಸುವ ಕುಟುಂಬಗಳ ಮಕ್ಕಳು ಬಹಳ. ಅವರಲ್ಲಿ ಕೆಲವರು ವರ್ಷದ ಮಧ್ಯೆ ವಾಪಸ್ ಬರುತ್ತಾರೆ. ಆಗ ಅವರ ಹಳೆಯ ಅಂಕ ನಿಮ್ಮ ಕೈಯಲ್ಲೇ ಇರುತ್ತದೆ.

ಒಟ್ಟು ಅಂಕ ಕೂಡಲು ಕ್ಯಾಲ್ಕುಲೇಟರ್ ಬೇಡ. ‘ಇನ್ಸರ್ಟ್’ ಮೆನುವಿನ ‘ಫಂಕ್ಷನ್’ನಲ್ಲಿ ‘ಸಮ್’ ಆರಿಸಿ, ಕೂಡಬೇಕಾದ ಚೌಕಗಳ ಮೇಲೆ ಎಳೆದು ಎಂಟರ್ ಒತ್ತಿ. ಸರಾಸರಿಗೆ ‘ಆವರೇಜ್’. ಪರೀಕ್ಷೆಗೆ ಬಾರದ ಮಗುವಿಗೆ ಸೊನ್ನೆ ಹಾಕಬೇಡಿ, ‘ಗೈರು’ ಎಂದು ಬರೆಯಿರಿ. ಸರಾಸರಿ ತೆಗೆಯುವಾಗ ಶೀಟ್ ಸೊನ್ನೆಯನ್ನು ಲೆಕ್ಕಕ್ಕೆ ಹಿಡಿಯುತ್ತದೆ, ಅಕ್ಷರವನ್ನು ಬಿಟ್ಟುಬಿಡುತ್ತದೆ.

ನನಗೆ ತುಂಬ ಇಷ್ಟವಾದ ಉಪಯೋಗ ಇನ್ನೊಂದಿದೆ. ಒಟ್ಟು ಅಂಕ ಮಾತ್ರ ಹಾಕುವ ಬದಲು ಪ್ರಶ್ನೆಗೊಂದು ಕಾಲಂ ಮಾಡಿ. ಟೈಪ್ ಮಾಡುವುದು ಸ್ವಲ್ಪ ಜಾಸ್ತಿಯಾಗುತ್ತದೆ, ನಿಜ. ಎಲ್ಲ ಕಿರುಪರೀಕ್ಷೆಗೂ ಬೇಡ, ಗಣಿತ, ವಿಜ್ಞಾನದಲ್ಲಿ ಒಂದೆರಡಕ್ಕೆ ಮಾಡಿ ನೋಡಿ. ಪ್ರತಿ ಕಾಲಂನ ಕೆಳಗೆ ಸರಾಸರಿ ತೆಗೆಯಿರಿ. ಭಿನ್ನರಾಶಿಯ ಪ್ರಶ್ನೆಯಲ್ಲಿ ಇಡೀ ತರಗತಿಯ ಸರಾಸರಿ ಬಿದ್ದಿದ್ದರೆ ಆ ಪಾಠವನ್ನು ಎಲ್ಲರಿಗೂ ಇನ್ನೊಮ್ಮೆ ಮಾಡಬೇಕು. ನಾಲ್ಕೇ ಮಕ್ಕಳು ತಪ್ಪಿದ್ದರೆ ಆ ನಾಲ್ವರನ್ನು ಮಾತ್ರ ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು. ‘ಫಾರ್ಮ್ಯಾಟ್’ ಮೆನುವಿನ ‘ಕಂಡೀಷನಲ್ ಫಾರ್ಮ್ಯಾಟಿಂಗ್’ನಲ್ಲಿ ಇಷ್ಟು ಅಂಕಕ್ಕಿಂತ ಕಡಿಮೆಯಿದ್ದರೆ ಬಣ್ಣ ಬರಲಿ ಎಂದು ಹೇಳಿದರೆ ಆ ಚೌಕಗಳು ತಾವಾಗಿಯೇ ಬಣ್ಣ ತಿರುಗುತ್ತವೆ. ಅಂಕಪಟ್ಟಿಯಿಂದ ಮಗುವಿಗೆ ಆಗಬೇಕಾದ ಉಪಕಾರ ಇದೇ.

ಕನ್ನಡ ಟೈಪಿಂಗ್: ನುಡಿ ಫೈಲ್ ಫೋನಿನಲ್ಲಿ ಯಾಕೆ ಕೆಡುತ್ತದೆ

ಕನ್ನಡ ಟೈಪಿಂಗ್ ತಂತ್ರಾಂಶವಾದ ನುಡಿಯ ಹಳೆಯ ಫಾಂಟ್‌ನಲ್ಲಿ ಮಾಡಿದ ಪ್ರಶ್ನೆಪತ್ರಿಕೆಯ ವರ್ಡ್ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಎದುರಿನವರಿಗೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಅದಕ್ಕೆ ಕಾರಣವಿದೆ. ಆ ಫಾಂಟ್‌ಗಳಲ್ಲಿ ಫೈಲ್‌ನ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದಕ್ಕೆ ಕನ್ನಡದ ರೂಪ ಕೊಡುತ್ತದೆ. ಫಾಂಟ್ ಇಲ್ಲದ ಕಡೆ ಕನ್ನಡವೂ ಇಲ್ಲ. ಯುನಿಕೋಡ್‌ನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ, ಹಾಗಾಗಿ ಎಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ಹುಡುಕಲೂ ಆಗುತ್ತದೆ.

ಹಳೆಯ ನುಡಿ ಫೈಲ್‌ಗಳನ್ನು ಯುನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ. ಇನ್ನು ಮುಂದಿನ ಕೆಲಸವನ್ನು ನೇರವಾಗಿ ಯುನಿಕೋಡ್‌ನಲ್ಲೇ ಮಾಡಿ. ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ ‘ಕನ್ನಡ ಫೊನೆಟಿಕ್’ ಕೀಬೋರ್ಡ್ ಆರಿಸಿದರೆ ಉಚ್ಚಾರಣೆಯಂತೆ ಟೈಪ್ ಮಾಡಬಹುದು.

ಟೈಪಿಂಗೇ ಬೇಡ ಅನ್ನುವವರಿಗೆ ಮಾತು ಇದೆಯಲ್ಲ. ಫೋನಿನ ಜಿಬೋರ್ಡ್‌ನಲ್ಲಿ (ಗೂಗಲ್‌ನ ಕೀಬೋರ್ಡ್) ಕನ್ನಡ ಸೇರಿಸಿ ಮೈಕ್ ಒತ್ತಿ ಮಾತನಾಡಿ. ಕಂಪ್ಯೂಟರ್‌ನಲ್ಲಿ ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು, ‘ಟೂಲ್ಸ್’ ಮೆನುವಿನ ‘ವಾಯ್ಸ್ ಟೈಪಿಂಗ್’ನಲ್ಲಿ ಕನ್ನಡ ಆರಿಸಿ. ಪಾಠ ಯೋಜನೆ, ವಾರ್ಷಿಕೋತ್ಸವದ ವರದಿಯಂಥ ಉದ್ದ ಬರಹಕ್ಕೆ ಇದು ತುಂಬ ಒಳ್ಳೆಯದು. ಪೂರ್ಣವಿರಾಮ, ಅಲ್ಪವಿರಾಮವನ್ನು ಆಮೇಲೆ ನೀವೇ ಹಾಕಬೇಕು. ಆಟದ ಪೀರಿಯಡ್‌ನ ಗದ್ದಲದಲ್ಲಿ ಮಾತ್ರ ಇದನ್ನು ಮಾಡಲು ಹೋಗಬೇಡಿ.

ಪೋಷಕರ ವಾಟ್ಸ್‌ಆ್ಯಪ್ ಗ್ರೂಪ್

ಗ್ರೂಪ್‌ನ ಸೆಟ್ಟಿಂಗ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಮೆಸೇಜ್ ಕಳಿಸುವಂತೆ ಮಾಡಿ. ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಪರೀಕ್ಷೆಯ ದಿನಾಂಕ ಕಳೆದುಹೋಗುವುದು ಇದರಿಂದ ನಿಲ್ಲುತ್ತದೆ. ಆದರೆ ಸಾಮಾನ್ಯ ಗ್ರೂಪ್‌ನಲ್ಲಿ ಪ್ರತಿ ತಾಯಿಯ ನಂಬರ್ ಉಳಿದ ಎಲ್ಲರಿಗೂ ಕಾಣುತ್ತದೆ. ಇದು ಸಣ್ಣ ವಿಷಯವಲ್ಲ. ವಾಟ್ಸ್‌ಆ್ಯಪ್‌ನ ‘ಕಮ್ಯುನಿಟಿ’ ಮಾಡಿ ಅದರ ಪ್ರಕಟಣೆ ವಿಭಾಗ ಬಳಸಿದರೆ ಸದಸ್ಯರ ನಂಬರ್ ಉಳಿದ ಪೋಷಕರಿಗೆ ಕಾಣುವುದಿಲ್ಲ. ಒಂದೇ ಮೆಸೇಜನ್ನು ಹಲವರಿಗೆ ಬೇರೆಬೇರೆಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಲಿಸ್ಟ್ ಕೂಡ ಆಗುತ್ತದೆ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜ್ ತಲುಪುತ್ತದೆ.

ಪೀಣ್ಯದ ಕಾರ್ಖಾನೆಗೋ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗೋ ಹೋಗುವ ತಾಯಂದಿರಲ್ಲಿ ಎಲ್ಲರಿಗೂ ಕನ್ನಡ ಓದಲು ಬರುವುದಿಲ್ಲ. ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನವರು ಒಂದೇ ತರಗತಿಯಲ್ಲಿ ಇರುತ್ತಾರೆ. ಸುತ್ತೋಲೆಯ ಫೋಟೊ ಕಳಿಸಿ ಸುಮ್ನೆ ಬಿಡುವ ಬದಲು ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಕಳಿಸಿ. ನಿಮ್ಮ ಸಹೋದ್ಯೋಗಿಯೊಬ್ಬರಿಗೆ ಉರ್ದುವೋ ತಮಿಳೋ ಬಂದರೆ ಅವರಿಂದ ಇನ್ನೊಂದು ಮಾಡಿಸಿ. ಮೂಲ ಪಟ್ಟಿಯಲ್ಲಿ ಮನೆಮಾತಿಗೆ ಒಂದು ಕಾಲಂ ಇಟ್ಟಿದ್ದು ಇದಕ್ಕೇ.

ಸಂಜೆ ಇಷ್ಟು ಗಂಟೆಯ ನಂತರ ಮೆಸೇಜ್‌ಗೆ ಉತ್ತರ ಮರುದಿನ ಎಂದು ಗ್ರೂಪ್‌ನ ವಿವರಣೆಯಲ್ಲಿ ಬರೆದುಬಿಡಿ. ಪೋಷಕರು ಒಪ್ಪುತ್ತಾರೆ.

ಸ್ಕ್ಯಾನ್ ಮತ್ತು ಜೆರಾಕ್ಸ್ ಅಂಗಡಿ

ಗೂಗಲ್ ಡ್ರೈವ್ ಆ್ಯಪ್‌ನಲ್ಲೇ ಸ್ಕ್ಯಾನರ್ ಇದೆ. ಕ್ಯಾಮೆರಾ ಗುರುತು ಒತ್ತಿದರೆ ಪುಟಗಳು ಪಿಡಿಎಫ್ ಆಗುತ್ತವೆ. ಹಳೆಯ ಅಚ್ಚಾದ ಪ್ರಶ್ನೆಪತ್ರಿಕೆಯನ್ನು ಹೀಗೆ ಸ್ಕ್ಯಾನ್ ಮಾಡಿ, ಕಂಪ್ಯೂಟರ್‌ನಲ್ಲಿ ಡ್ರೈವ್ ತೆರೆದು, ಆ ಫೈಲನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡವೂ ತಿದ್ದಬಹುದಾದ ಅಕ್ಷರಗಳಾಗಿ ಬರುತ್ತದೆ. ತಪ್ಪುಗಳಿರುತ್ತವೆ, ಆದರೂ ಪೂರ್ತಿ ಟೈಪ್ ಮಾಡುವುದಕ್ಕಿಂತ ವಾಸಿ.

ಪ್ರಿಂಟ್‌ಗೆಂದು ಪ್ರಶ್ನೆಪತ್ರಿಕೆಯನ್ನೋ ಮಕ್ಕಳ ಆಧಾರ್ ಪ್ರತಿಯನ್ನೋ ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರ್‌ಗೆ ಕಳಿಸುವ ಅಭ್ಯಾಸ ನಮ್ಮೂರಲ್ಲಿ ಬೆಳೆದಿದೆ. ದಯವಿಟ್ಟು ಬಿಟ್ಟುಬಿಡಿ. ಆ ಫೈಲ್ ಅಂಗಡಿಯ ಫೋನಿನಲ್ಲಿ ಉಳಿಯುತ್ತದೆ. ಪೆನ್‌ಡ್ರೈವ್ ಒಯ್ಯಿರಿ, ಎದುರಲ್ಲೇ ಪ್ರಿಂಟ್ ತೆಗೆಸಿ, ಕಂಪ್ಯೂಟರ್‌ಗೆ ಕಾಪಿ ಮಾಡಿದ್ದರೆ ಅಳಿಸಿ. ಅಲ್ಲಿ ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ನಿಮ್ಮ ಫೋನಿನ ‘ಲಿಂಕ್ಡ್ ಡಿವೈಸಸ್’ಗೆ ಹೋಗಿ ಲಾಗ್ ಔಟ್ ಮಾಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನ ಎಲ್ಲರನ್ನೂ ಮಕ್ಕಳು ಎಂದೇ ನೋಡುತ್ತದೆ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಮುಖ್ಯ ಎನ್ನುತ್ತದೆ.

ಪಾಠ, ಪ್ರಶ್ನೆ, ಎಐ

ರಾಜ್ಯದ ಪಠ್ಯಪುಸ್ತಕಗಳಲ್ಲಿರುವ ಕ್ಯೂಆರ್ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಿಂದ ಸ್ಕ್ಯಾನ್ ಮಾಡಿದರೆ ಆ ಪಾಠದ ವಿಡಿಯೊ, ಅಭ್ಯಾಸಗಳು ಸಿಗುತ್ತವೆ. ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಬನ್ನಿ. ತರಗತಿಯಲ್ಲಿ ನೆಟ್‌ವರ್ಕ್‌ಗೆ ಕಾಯುವ ಹೊತ್ತಿನಲ್ಲಿ ಮಕ್ಕಳ ಗಮನ ಹೊರಟುಹೋಗುತ್ತದೆ.

ಪ್ರಶ್ನೆಪತ್ರಿಕೆಯ ಕರಡಿಗೆ ಚಾಟ್‌ಜಿಪಿಟಿ, ಜೆಮಿನಿಯಂಥವು ನೆರವಾಗುತ್ತವೆ. ಸುಮ್ನೆ ‘ಪ್ರಶ್ನೆ ಕೊಡು’ ಎಂದರೆ ಎಲ್ಲಿಂದಲೋ ತರುತ್ತವೆ. ಹೀಗೆ ಕೇಳಿ: ‘7ನೇ ತರಗತಿ ವಿಜ್ಞಾನ. ಕೆಳಗಿನ ಪಾಠದ ಭಾಗದಿಂದ ಮಾತ್ರ 1 ಅಂಕದ 5, 2 ಅಂಕದ 4 ಪ್ರಶ್ನೆ ಕೊಡಿ. ಸರಳ ಕನ್ನಡ ಇರಲಿ. ಉತ್ತರಗಳನ್ನು ಕೊನೆಯಲ್ಲಿ ಬೇರೆಯಾಗಿ ಕೊಡಿ.’ ಪಾಠದ ಭಾಗವನ್ನು ಅದರ ಕೆಳಗೆ ಅಂಟಿಸಿ. ಬಂದ ಪ್ರತಿ ಪ್ರಶ್ನೆಯನ್ನೂ ನೀವು ಬಿಡಿಸಿ ನೋಡಬೇಕು. ಕನ್ನಡದಲ್ಲಿ ಇವು ಧೈರ್ಯವಾಗಿ ತಪ್ಪು ಬರೆಯುತ್ತವೆ, ವಿಜ್ಞಾನದ ಪದಗಳು ನಮ್ಮ ಪಠ್ಯದಲ್ಲಿ ಇರುವಂತೆ ಇರುವುದಿಲ್ಲ. ಮಗುವಿನ ಹೆಸರು, ಅಂಕ, ಆರೋಗ್ಯ, ಮನೆಯ ಕಷ್ಟ, ಇದ್ಯಾವುದನ್ನೂ ಅಲ್ಲಿ ಹಾಕಬೇಡಿ.

ಖಾತೆ ಯಾರದು?

ಇಷ್ಟೆಲ್ಲ ಮಾಡಿದ ಫೈಲ್‌ಗಳು ನಿಮ್ಮ ಸ್ವಂತ ಜಿಮೇಲ್‌ನಲ್ಲಿದ್ದರೆ ವರ್ಗಾವಣೆಯಾದ ದಿನ ಶಾಲೆಗೆ ಏನೂ ಉಳಿಯುವುದಿಲ್ಲ. ಮುಖ್ಯ ಶಿಕ್ಷಕರ ಜೊತೆ ಮಾತನಾಡಿ ಶಾಲೆಯ ಹೆಸರಿನಲ್ಲೇ ಒಂದು ಜಿಮೇಲ್ ಖಾತೆ ಮಾಡಿ. ಉಚಿತವಾಗಿ ಸಿಗುವ 15 ಜಿಬಿ ಜಾಗ ಪಟ್ಟಿ, ಪ್ರಶ್ನೆಪತ್ರಿಕೆಗಳಿಗೆ ಧಾರಾಳ. ವಾರ್ಷಿಕೋತ್ಸವದ ವಿಡಿಯೊಗಳನ್ನು ಅದಕ್ಕೆ ತುಂಬಬೇಡಿ. ಎರಡು ಹಂತದ ಪರಿಶೀಲನೆ ಹಾಕಿ, ಒಟಿಪಿಯನ್ನು ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ. ‘ಇಲಾಖೆಯಿಂದ ಮಾತಾಡ್ತಿದ್ದೀವಿ’ ಅಂದರೂ ಸರಿ. ಹಣ ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮೂಲ ಪಟ್ಟಿಯನ್ನು ಈ ಖಾತೆಯಲ್ಲಿಟ್ಟು ವಿಷಯ ಶಿಕ್ಷಕರಿಗೆಲ್ಲ ‘ಶೇರ್’ ಮಾಡಿ. ಗಣಿತದವರು ತಮ್ಮ ಅಂಕ, ಕನ್ನಡದವರು ತಮ್ಮ ಅಂಕ ಅಲ್ಲೇ ತುಂಬಲಿ. ಹೆಸರಿನ ಶೀಟ್ ಯಾರ ಕೈ ತಾಗಿಯೂ ಬದಲಾಗದಂತೆ ‘ಡೇಟಾ’ ಮೆನುವಿನಲ್ಲಿ ‘ಪ್ರೊಟೆಕ್ಟ್’ ಮಾಡಿಡಿ. ಮುಖ್ಯ ಶಿಕ್ಷಕರು ಬದಲಾದಾಗ ಖಾತೆಯ ರಿಕವರಿ ಫೋನ್ ನಂಬರನ್ನೂ ಅದೇ ದಿನ ಬದಲಿಸಿ. ಚಾರ್ಜ್ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಬೀಗದ ಕೈ ಬರೆಯುವ ಸಾಲಿನ ಕೆಳಗೇ ಈ ಖಾತೆಯನ್ನೂ ಸೇರಿಸಿ.